ಬಾಯ್ಲರ್ ಬದಲಾಯ್ಸೋ ಮುಂಚೆ ಮೀಟರ್ ಮೇಲೆ ಏನ್ ಬರ್ದಿದೆ ನೋಡಿ

ಸರ್, ಹೊಸ ಬಾಯ್ಲರ್‌ಗೆ (ಮನೆ, ನೀರು ಬಿಸಿ ಮಾಡೋ ಗ್ಯಾಸ್ ಯಂತ್ರ) ಈಗ್ಲೇ ಅಡ್ವಾನ್ಸ್ ಕೊಡ್ಬೇಡಿ. ಮನೆ ಶಿಫ್ಟ್ ಆದ್ಮೇಲೆ ಗ್ಯಾಸ್ ಬಿಲ್ ಹೆಚ್ಚುಕಮ್ಮಿ ಮೂರು ಪಟ್ಟು, ಹೀಟಿಂಗ್ ಮೊದ್ಲಿನಷ್ಟೇ ಹಾಕ್ತಿದೀವಿ, ಬಾಯ್ಲರ್ ಹಳೇದು ಅದಕ್ಕೇ ಅಂತ ಬರ್ದಿದೀರಲ್ಲ, ಇಲ್ಲೇ ಇಂಗ್ಲೆಂಡಿನ ರೆಡಿಂಗ್ ಊರಲ್ಲಿರೋ ನಮ್ಮ ಭಾವನ ಮನೇಲೂ ಥೇಟ್ ಇದೇ ಆಗಿತ್ತು. ಎಲ್ಲಾರೂ ಸೇರಿ ಬಾಯ್ಲರ್ ಮೇಲೇ ಗೂಬೆ ಕೂರ್ಸಿ ಹೊಸದು ಹಾಕ್ಸಿದ್ವಿ, ಬಿಲ್ ಮಾತ್ರ ಇಳೀಲೇ ಇಲ್ಲ. ಹಳೇ ಬಾಯ್ಲರ್ ಅಂದ್ರೂ ಗ್ಯಾಸಿನ ಶಾಖದಲ್ಲಿ ನೂರಕ್ಕೆ 60-70 ಮನೆಗೆ ಕೊಡತ್ತೆ, ಹೊಸದು 90ರ ಆಸುಪಾಸು, ಅದ್ರಿಂದ ಮೂರು ಪಟ್ಟು ವ್ಯತ್ಯಾಸ ಹೇಗ್ ಬರತ್ತೆ ಹೇಳಿ?

ಹೊರಗಡೆ ಮೀಟರ್ ಬಾಕ್ಸ್ ತೆಗ್ದು ಟಾರ್ಚ್ ಹಾಕಿ ನೋಡಿ. m³ (ಕ್ಯೂಬಿಕ್ ಮೀಟರ್) ಅಂತಿದ್ಯಾ, ft³ (ಘನ ಅಡಿ) ಅಂತಿದ್ಯಾ? ಹಳೇ ಮೀಟರ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಕಪ್ಪು ಅಂಕೆ, ಒಂದು ಯೂನಿಟ್ ಅಂದ್ರೆ 100 ಘನ ಅಡಿ, ಅಂದ್ರೆ 2.83 ಕ್ಯೂಬಿಕ್ ಮೀಟರ್. ಹೊಸ ಮೀಟರ್‌ಗಳಲ್ಲಿ ಐದು ಅಂಕೆ, ಆಮೇಲೆ ಕೆಂಪು ಅಂಕೆ (ದಶಮಾಂಶ), ಒಂದು ಯೂನಿಟ್ ಅಂದ್ರೆ ಒಂದು ಕ್ಯೂಬಿಕ್ ಮೀಟರ್. ಮೀಟರ್ ಹೊಸದು, ಸಪ್ಲೈಯರ್ (ಬಿಲ್ ಕಳ್ಸೋ ಗ್ಯಾಸ್ ಕಂಪನಿ) ರೆಕಾರ್ಡ್‌ನಲ್ಲಿ ಮಾತ್ರ ಇನ್ನೂ ಹಳೇ ಅಡಿ ಮೀಟರ್ ಅಂತಿದ್ರೆ ನಿಮ್ ರೀಡಿಂಗನ್ನ ಸುಮ್ನೆ 2.83ರಿಂದ ಗುಣಿಸ್ಬಿಡ್ತಾರೆ. ನಿಮ್ಮ ಮೂರು ಪಟ್ಟು ಇದೇ ಅಂತ ನನ್ ಅನುಮಾನ. (ಕೆಂಪು ಅಂಕೆ ಕಳ್ಸ್ಬೇಡಿ ಮತ್ತೆ, ಅದು ಸೇರಿದ್ರೆ ಇನ್ನೊಂದು ಅನಾಹುತ.)

ಬಿಲ್‌ನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಲೆಕ್ಕ ಇರತ್ತೆ, ಯಾರೂ ಓದಲ್ಲ, ಓದ್ಬೇಕು. ಕ್ಯೂಬಿಕ್ ಮೀಟರ್ × 1.02264 × ಕ್ಯಾಲೋರಿಫಿಕ್ ವ್ಯಾಲ್ಯೂ (ಒಂದು ಕ್ಯೂಬಿಕ್ ಮೀಟರ್ ಗ್ಯಾಸಲ್ಲಿರೋ ಶಾಖ, ಮೆಗಾಜೌಲ್‌ನಲ್ಲಿ) ÷ 3.6, ಬರೋದು ಕಿಲೋವ್ಯಾಟ್ ಅವರ್, ದುಡ್ಡು ಹಾಕೋದು ಅದ್ರ ಮೇಲೆ. 100 ಕ್ಯೂಬಿಕ್ ಮೀಟರ್ ಉರ್ಸಿ ವ್ಯಾಲ್ಯೂ 39.5 ಇದ್ರೆ ಸುಮಾರು 1122. ಅದೇ ಅಡಿ ಅಂತ ಹಿಡಿದ್ರೆ 3175! ಆ 1.02264 ಅನ್ನೋದು ಗ್ಯಾಸಿನ ಉಷ್ಣತೆ, ಒತ್ತಡಕ್ಕೆ ಹಾಕೋ ತಿದ್ದುಪಡಿ, ಗುಡ್ಡದ ಮೇಲಿನ ಮನೆಗೂ ಸಮುದ್ರದ ಪಕ್ಕದ ಮನೆಗೂ ಒಂದೇ, ಅದ್ರ ಬಗ್ಗೆ ಜಗಳ ಆಡಿ ಪ್ರಯೋಜನ ಇಲ್ಲ. ಕ್ಯಾಲೋರಿಫಿಕ್ ವ್ಯಾಲ್ಯೂ ಮಾತ್ರ ದಿನಾ ಬದಲಾಗತ್ತೆ, ಒಂದೊಂದು ಮೂಲದ ಗ್ಯಾಸ್ ಒಂದೊಂದು ಥರ, ನೆಟ್‌ವರ್ಕ್‌ನವ್ರು ಅಳೀತಾರೆ, 37.5ರಿಂದ 43ರ ಒಳಗಿರತ್ತೆ. ನಿಮ್ ಮೀಟರ್ ಶಾಖ ಅಳ್ಯಲ್ಲ, ಗಾತ್ರ ಅಷ್ಟೇ. ನಮ್ಮೂರಲ್ಲಿ ಸಿಲಿಂಡರ್ ತೂಕದ ಮೇಲೆ ಬರೋದ್ರಿಂದ ನಮಗೆ ಇದು ತಲೆಗೆ ಹೋಗಲ್ಲ. 14.2 ಕೆಜಿ ಸಿಲಿಂಡರ್‌ನಲ್ಲಿರೋ ಶಾಖಕ್ಕೆ ಇಲ್ಲಿ ಸುಮಾರು 17 ಕ್ಯೂಬಿಕ್ ಮೀಟರ್ ಗ್ಯಾಸ್ ಬೇಕು.

ಅಡುಗೆಮನೇಲಿರೋ ಸ್ಮಾರ್ಟ್ ಡಿಸ್‌ಪ್ಲೇ ತೋರ್ಸೋ ಪೌಂಡ್ ಲೆಕ್ಕ ನೆಚ್ಕೋಬೇಡಿ, ಬಿಲ್ ಜೊತೆ ಸರಿಯಾಗಿ ಹೊಂದಲ್ಲ ಅದು. ಪ್ರತಿ ತಿಂಗಳು ಒಂದನೇ ತಾರೀಕು ಮೀಟರ್ ಫೋಟೋ ತೆಗೀರಿ, ಸೀರಿಯಲ್ ನಂಬರ್ ಕಾಣೋ ಹಾಗೆ, ಬಿಲ್‌ನಲ್ಲಿರೋ ನಂಬರ್‌ಗೆ ತಾಳೆ ಹಾಕಿ. ಫ್ಲಾಟ್‌ಗಳಲ್ಲಿ ಪಕ್ಕದ್ಮನೆ ಮೀಟರ್‌ಗೆ ನಾವು ದುಡ್ಡು ಕಟ್ಟೋದೂ ಉಂಟು. ತಪ್ಪು ಸಿಕ್ರೆ ಫೋನ್‌ನಲ್ಲಿ ಗೋಳಾಡ್ಬೇಡಿ, ಫೋಟೋ ಸಮೇತ ಈಮೇಲ್ ಹಾಕಿ, ಉತ್ತರ ಲಿಖಿತದಲ್ಲೇ ಕೇಳಿ. ಇದೇ ತಪ್ಪು ಉಲ್ಟಾ ಆಗಿ ಕಡಿಮೆ ಬಿಲ್ ಬರ್ತಿದ್ರೂ ಸುಮ್ನಿರ್ಬೇಡಿ, ಹಿಂದಿನ ಬಾಕಿ ಅಂತ ಸಾಮಾನ್ಯವಾಗಿ 12 ತಿಂಗ್ಳಿಗಿಂತ ಹಳೇದು ಕೇಳಂಗಿಲ್ಲ ನಿಜ, ಆದ್ರೆ 12 ತಿಂಗ್ಳದ್ದೇ ಒಟ್ಟಿಗೆ ಬಂದ್ರೆ ಕೈ ಸುಡತ್ತೆ.

ಇದೆಲ್ಲಾ ನೋಡಿದ್ಮೇಲೂ ಬಾಯ್ಲರ್ ಬದಲಾಯ್ಸ್ಲೇಬೇಕು ಅಂದ್ರೆ ಕಂಪನಿಗಳಲ್ಲಿ ನನ್ ಓಟು ವೈಲಂಟ್‌ಗೆ, ವೂಸ್ಟರ್ ಬಾಷ್ ಕೂಡ ಚೆನ್ನಾಗಿದೆ, ಆದ್ರೆ ಹಾಕೋನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿರ್ಬೇಕು (ಗ್ಯಾಸ್ ಕೆಲ್ಸ ಮಾಡೋರ ಅಧಿಕೃತ ಪಟ್ಟಿ). ಕಾಂಬಿ (ಟ್ಯಾಂಕ್ ಇಲ್ದೆ ನೇರ ನೀರು ಕಾಯ್ಸೋ ಬಾಯ್ಲರ್) ಆದ್ರೆ ಹೀಟಿಂಗ್ ಫ್ಲೋ, ಅಂದ್ರೆ ರೇಡಿಯೇಟರ್‌ಗೆ ಹೋಗೋ ನೀರು, 60 ಡಿಗ್ರಿಗೆ ಇಳ್ಸಿ, ವಾಪಸ್ ಬರೋ ನೀರು 55ಕ್ಕಿಂತ ಕೆಳಗಿದ್ರೇನೇ ಕಂಡೆನ್ಸಿಂಗ್ ಲಾಭ (ಹೊಗೆಯ ಆವಿ ನೀರಾಗಿ ಬಿಡೋ ಶಾಖ) ಸಿಗೋದು. ಬಿಸಿನೀರಿನ ಟ್ಯಾಂಕ್ ಇರೋ ಮನೆ ಆದ್ರೆ ಹಾಗೆ ಇಳಿಸ್ಬೇಡಿ, ನೀರಲ್ಲಿ ಬ್ಯಾಕ್ಟೀರಿಯಾ ಬೆಳ್ಯತ್ತೆ. ಎಲ್ಲಾ ಆಫ್ ಮಾಡಿದ್ಮೇಲೂ ಮೀಟರ್ ಓಡ್ತಿದ್ರೆ, ಅಥ್ವಾ ವಾಸನೆ ಬಂದ್ರೆ, ಲೆಕ್ಕ ಪಕ್ಕಕ್ಕಿಟ್ಟು ಗ್ಯಾಸ್ ಎಮರ್ಜೆನ್ಸಿ ನಂಬರ್ 0800 111 999ಗೆ ಫೋನ್ ಮಾಡಿ.

ಮೀಟರ್ ಫೋಟೋ, ಬಿಲ್‌ನ ಆ ಕೊನೇ ಪುಟ ಎರಡೂ ಇಲ್ಲೇ ಹಾಕಿ, ಹೆಸ್ರು ವಿಳಾಸ ಮುಚ್ಚಿ. ಇವತ್ತು ರಾತ್ರಿ ಕೂತು ಲೆಕ್ಕ ಮಾಡಿ ಹೇಳ್ತೀನಿ.