ಮೊದಲು ಆ ಸ್ಯಾಂಡ್‌ಪೇಪರ್ ಎತ್ತಿಡಿ

ಇಂಗ್ಲೆಂಡಿನ ಲೆಸ್ಟರ್‌ನಿಂದ ಕನ್ನಡತಿಯೊಬ್ಬರು ಬರೆದಿದ್ದಾರೆ. ಗಂಡನಿಗೆ ಹಳೇ ಆಟಿಕೆ ರೈಲುಗಳ ಹುಚ್ಚು. ಕೀಲಿ ಕೊಟ್ಟು ಓಡಿಸುವ ಹಾರ್ನ್‌ಬಿ ಎಂಜಿನ್‌ಗಳನ್ನು ಹರಾಜಿನಲ್ಲಿ ತಂದು ರಿಪೇರಿ ಮಾಡುತ್ತಾರೆ. ಊಟದ ಮೇಜಿನ ತುಂಬ ತಗಡು, ಚಕ್ರ, ಸ್ಪ್ರಿಂಗು. ಹಳೇ ಬಣ್ಣ ಕೆರೆದು ಹೊಸದು ಹೊಡೆಯಲು ಗೆಳೆಯನೊಬ್ಬ ಹೇಳಿಕೊಟ್ಟಿದ್ದಾನಂತೆ. ಖರ್ಚಿನ ಲೆಕ್ಕ ಕೇಳಿದರೆ ಜಗಳ. ಈ ಹುಚ್ಚು ಬಿಡಿಸುವುದು ಹೇಗೆ ಅಂತ ಅವರ ಪ್ರಶ್ನೆ.

ಪತ್ರದ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದಾರೆ: 'ಅವರು ಹಳೇ ಬಣ್ಣ ಉಜ್ಜುವಾಗ ನಾಲ್ಕು ವರ್ಷದ ಮಗಳು ಪಕ್ಕದಲ್ಲೇ ಕೂತು ಬಿಸ್ಕತ್ತು ತಿನ್ನುತ್ತಾಳೆ. ಅದೊಂದು ನೋಡೋಕೆ ಚಂದ.'

ಅಮ್ಮಾ, ಇದನ್ನು ಓದಿ ನನ್ನ ಎದೆ ಧಸಕ್ಕೆಂದಿತು. ಹಾರ್ನ್‌ಬಿ ರೈಲುಗಳು ಲಿವರ್‌ಪೂಲ್‌ನಲ್ಲಿ ಶುರುವಾಗಿದ್ದು 1920ರಲ್ಲಿ. ಆ ಕಾಲದ ಆಟಿಕೆಗಳ ಬಣ್ಣದಲ್ಲಿ ಸೀಸ (ಲೆಡ್) ಎಂಬ ವಿಷಲೋಹ ಇರುವುದು ಮಾಮೂಲಿ. ಉಜ್ಜಿದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗುತ್ತದೆ. ಮೇಜಿನ ಮೇಲೆ ಕೂರುತ್ತದೆ, ಮಗುವಿನ ಬೆರಳಿಗೆ ಅಂಟುತ್ತದೆ, ಬಿಸ್ಕತ್ತಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಸೀಸ ಎಷ್ಟೇ ಕಮ್ಮಿ ಇದ್ದರೂ ಕೆಟ್ಟದ್ದೇ. ನೀವೆಲ್ಲ ಉಣ್ಣುವ ಮೇಜಲ್ವಾ ಅದು?

ನನಗೆ ಸಿಟ್ಟು ಬಂದಿರುವುದು ನಿಮ್ಮ ಯಜಮಾನರ ಮೇಲಲ್ಲ, 'ಪೂರ್ತಿ ಕೆರೆದು ಹೊಸ ಬಣ್ಣ ಹೊಡಿ, ಜಾಸ್ತಿ ರೇಟು ಬರುತ್ತೆ' ಎಂದು ಅವರ ತಲೆಗೆ ತುಂಬಿದ ಆ ಗೆಳೆಯನ ಮೇಲೆ. ಅದು ಶುದ್ಧ ತಪ್ಪು. ಗೀರು ಬಿದ್ದಿದ್ದರೂ ಮೂಲ ಬಣ್ಣ ಇರುವ ಎಂಜಿನ್ನನ್ನೇ ಸಂಗ್ರಹಕಾರರು ಹುಡುಕುತ್ತಾರೆ. ಹೊಸ ಬಣ್ಣ ಬಳಿದರೆ ಸಾಮಾನ್ಯವಾಗಿ ಬೆಲೆ ಇಳಿಯುತ್ತದೆ. ಹಳೇ ವಸ್ತು ಹಳೇದಾಗಿಯೇ ಕಾಣಲಿ ಎಂದು ನಾನು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಗಟ್ಟಿಯಾದ ಗ್ರೀಸ್ ತೆಗೆದು, ಎಣ್ಣೆ ಬಿಟ್ಟು, ಬಿರುಕು ಬಿಟ್ಟ ಚಕ್ರ ಬದಲಿಸಿದರೆ ಎಂಜಿನ್ ಓಡುತ್ತದೆ. ಬಣ್ಣ ಮುಟ್ಟಬೇಕಾಗಿಲ್ಲ.

ಹವ್ಯಾಸ ಬಿಡಿಸಿ ಎಂದು ನಾನು ಹೇಳುವುದಿಲ್ಲ. ಕೈಕೆಲಸದಲ್ಲಿ ಮುಳುಗುವ ಗಂಡಸು ಮನೆಗೆ ಹೊರೆಯಲ್ಲ. ದುಡ್ಡಿಗೆ ತಿಂಗಳಿಗೆ ಇಷ್ಟೇ ಎಂದು ಇಬ್ಬರೂ ಕೂತು ಗೆರೆ ಹಾಕಿಕೊಳ್ಳಿ, ಸಾಕು.

ಆದರೆ ಇವತ್ತೇ ಒಂದು ಕೆಲಸ ಆಗಬೇಕು. ಈ ಉತ್ತರವನ್ನು ಅವರಿಗೆ ಓದಿಸಿ, ಬಣ್ಣ ಉಜ್ಜುವುದನ್ನು ನಿಲ್ಲಿಸಿ. ಧೂಳನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೂ ಬಿಸಾಕಿ. ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಹೇಳಿ, ಮಗಳ ರಕ್ತದಲ್ಲಿ ಸೀಸ ಇದೆಯೇ ಎಂದು ಪರೀಕ್ಷೆ ಮಾಡಿಸಿ.