ಯುದ್ಧದಲ್ಲಿ ಶತ್ರುದೇಶದ ಇಂಟರ್ನೆಟ್ ಕೆಡಿಸಿದರೆ ತಪ್ಪೇನು? ರಕ್ತ ಹರಿಯುವುದಿಲ್ಲವಲ್ಲ?

ತಪ್ಪೇ. 2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನಿಗೆ ನುಗ್ಗಿದ ಹೊತ್ತಿಗೇ, ಅಮೆರಿಕದ ವಯಾಸ್ಯಾಟ್ ಕಂಪನಿಯ, ಉಪಗ್ರಹದ ಮೂಲಕ ಇಂಟರ್ನೆಟ್ ಕೊಡುವ ಕೆಎ-ಸ್ಯಾಟ್ ಜಾಲದ ಮೇಲೆ ಸೈಬರ್ ದಾಳಿಯಾಯಿತು. ಮೋಡೆಮ್‌ಗಳ ಮೆಮೊರಿಯನ್ನೇ ಕೆಡಿಸಿದರು; ಸಾವಿರಾರು ಮನೆಗಳ ಸಂಪರ್ಕ ಹೋಯಿತು. ಯುದ್ಧದಲ್ಲೇ ಇಲ್ಲದ ಜರ್ಮನಿಯಲ್ಲಿ ಸುಮಾರು 5,800 ವಿಂಡ್ ಟರ್ಬೈನ್‌ಗಳ ದೂರನಿಯಂತ್ರಣ ತಪ್ಪಿತು. ಸೈನಿಕರು ಬೇರೆ, ನಾಗರಿಕರು ಬೇರೆ ಎಂದು ನೋಡಿಯೇ ದಾಳಿ ಮಾಡಬೇಕೆನ್ನುತ್ತದೆ ಯುದ್ಧದ ನಿಯಮಗಳ ಅಂತರರಾಷ್ಟ್ರೀಯ ಒಪ್ಪಂದವಾದ 1977ರ ಜಿನೀವಾ ಹೆಚ್ಚುವರಿ ಪ್ರೋಟೊಕಾಲ್. ಇಲ್ಲಿ ಆ ಗೆರೆ ಎಲ್ಲಿ ಉಳಿಯಿತು?

ಮೊನ್ನೆ ಮಂಡ್ಯದ ನಮ್ಮ ಬೀದಿಯಲ್ಲಿ ಚರಂಡಿ ಅಗೆಯುವಾಗ ಫೈಬರ್ ಕೇಬಲ್ ತುಂಡಾಯಿತು. ಮೆಡಿಕಲ್ ಸ್ಟೋರಿನಲ್ಲಿ ಯುಪಿಐ ಹೋಗದೆ ಒಬ್ಬರು ಅಜ್ಜಿ ಇನ್ಸುಲಿನ್ ಡಬ್ಬಿಯನ್ನು ಕೌಂಟರ್ ಮೇಲೇ ಬಿಟ್ಟು ಹೊರಟಿದ್ದರು. ಅಂಗಡಿಯವರೇ ಕೂಗಿ ಸಾಲಕ್ಕೆ ಕೊಟ್ಟರು. ಅದು ಅರ್ಧ ದಿನದ ಕೈತಪ್ಪು. ಬೇಕಂತಲೇ, ಇಡೀ ದೇಶಕ್ಕೆ ಹಾಗೆ ಮಾಡುವುದನ್ನು ನಾನು ಒಪ್ಪಲಾರೆ.