ಓದುಗರ ಪ್ರಶ್ನೆಗೆ ಉತ್ತರ: ಹೆಲ್ಮೆಟ್ಟಿನ ಅಂದವೂ ಅದರ ಕೆಲಸವೂ

ಈ ಸಲದ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಉಡುಪಿ ಮತ್ತು ಮಂಗಳೂರು ಭಾಗದ ಓದುಗರವು. ಚೆಂದ ಕಾಣುವ ಹೆಲ್ಮೆಟ್ ತಲೆಯನ್ನು ನಿಜಕ್ಕೂ ಕಾಯುತ್ತದೆಯೇ, ತಲೆ ಕಾಯುವ ಹೆಲ್ಮೆಟ್ ಚೆಂದವಾಗಿಯೂ ಇರಲು ಸಾಧ್ಯವೇ ಎಂಬ ಸಂದೇಹ ಬಹುಪಾಲು ಪತ್ರಗಳಲ್ಲಿದೆ. ಆದ್ದರಿಂದ ಆ ವಿಷಯದ ಪ್ರಶ್ನೆಗಳನ್ನಷ್ಟೇ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ವಿನ್ಯಾಸ ಕಲಿಯುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಕರಾವಳಿಯ ಕಲೆಯನ್ನು ನೆನಪಿಸುವ ಬೈಕ್ ಹೆಲ್ಮೆಟ್ ಮಾಡಬೇಕೆಂಬುದು ನನ್ನ ಪ್ರಾಜೆಕ್ಟ್. ಯಕ್ಷಗಾನದ ತಲೆಯುಡುಗೆಯಾದ ಕೇದಗೆ ಮುಂದಲೆಯಂತೆ ಮೇಲ್ಗಡೆ ಒಂದು ಏರು, ಬದಿಗಳಲ್ಲಿ ಕಿವಿಯ ಆಭರಣವಾದ ಕರ್ಣಪತ್ರದಂತೆ ಎರಡು ರೆಕ್ಕೆ, ಹೀಗೆ ಚಿತ್ರ ಬರೆದುಕೊಂಡಿದ್ದೇನೆ. ತೊಟ್ಟವರ ತಲೆ ದಪ್ಪಗೆ ಕಾಣಲೂ ಬಾರದು. ಎಲ್ಲಿ ನನಗೆ ಸ್ವಾತಂತ್ರ್ಯವಿದೆ, ಎಲ್ಲಿ ಇಲ್ಲ?
– ಓದುಗರು, ಮಣಿಪಾಲ

ಉತ್ತರ: ಮೇಲಿನ ಏರನ್ನೂ ಬದಿಯ ರೆಕ್ಕೆಗಳನ್ನೂ ನೀವು ಬಿಡಬೇಕಾಗುತ್ತದೆ. ಏಕೆಂದು ತಿಳಿಯಲು ಹೆಲ್ಮೆಟ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ತಲೆಯನ್ನು ಕಾಯುವುದು ಹೊರಗಿನ ಗಟ್ಟಿ ಚಿಪ್ಪು ಎಂದು ಹೆಚ್ಚಿನವರು ಭಾವಿಸಿದ್ದಾರೆ. ಚೂಪಾದ ವಸ್ತು ಒಳನುಗ್ಗದಂತೆ ತಡೆಯುವುದು, ಪೆಟ್ಟನ್ನು ಅಗಲವಾಗಿ ಹರಡುವುದು, ರಸ್ತೆಯ ಮೇಲೆ ಸಿಕ್ಕಿಕೊಳ್ಳದೆ ಜಾರುವುದು, ಇವು ಚಿಪ್ಪಿನ ಕೆಲಸಗಳು. ತಲೆಯ ವೇಗವನ್ನು ತಗ್ಗಿಸುವ ಮುಖ್ಯ ಕೆಲಸವನ್ನು ಮಾಡುವುದು ಅದರ ಒಳಗಿನ, ನಾವು ಥರ್ಮಾಕೋಲ್ ಎಂದು ಕರೆಯುವ ಇಪಿಎಸ್ ಪದರ. ಬಹುಪಾಲು ಗಾಳಿಯೇ ತುಂಬಿರುವ ಆ ಪದರ ಪೆಟ್ಟು ಬಿದ್ದಾಗ ನಜ್ಜಾಗುತ್ತದೆ, ನಜ್ಜಾಗುತ್ತಲೇ ಪೆಟ್ಟಿನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಹೀಗೆ ಶಕ್ತಿಯನ್ನು ಹೀರುವ ಒಳಪದರದ ಹೆಲ್ಮೆಟ್ಟಿಗೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿ. ಎಫ್. ಲೊಂಬಾರ್ಡ್ 1953ರಲ್ಲಿ ಪೇಟೆಂಟ್ ಪಡೆದರು. ಇಂದಿನ ಹೆಲ್ಮೆಟ್‌ಗಳೆಲ್ಲ ಬಹುಮಟ್ಟಿಗೆ ಅದೇ ವಿಚಾರದ ಮುಂದುವರಿಕೆ.

ಈ ಪದರದ ದಪ್ಪ ಏಕೆ ಮುಖ್ಯವೆಂದು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಯುರೋಪಿನ ಪರೀಕ್ಷೆಗಳಲ್ಲಿ ಹೆಲ್ಮೆಟ್ ತೊಡಿಸಿದ ಕೃತಕ ತಲೆಯನ್ನು ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಕಬ್ಬಿಣದ ದಿಮ್ಮಿಗೆ ಬಡಿಯುವಂತೆ ಬೀಳಿಸುತ್ತಾರೆ. ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದಾಗ ಬರುವ ವೇಗ ಇದು. ಆ ವೇಗದ ತಲೆ 30 ಮಿಲಿಮೀಟರ್ ದೂರದಲ್ಲಿ ನಿಂತರೆ ಅದರ ಮೇಲೆ ಸರಾಸರಿ ಗುರುತ್ವದ 95 ಪಟ್ಟು ಬಲ ಬೀಳುತ್ತದೆ. ಐದೇ ಮಿಲಿಮೀಟರಿನಲ್ಲಿ ನಿಲ್ಲಬೇಕಾಗಿ ಬಂದರೆ ಅದು 570 ಪಟ್ಟನ್ನು ದಾಟುತ್ತದೆ. ತಲೆ ದಪ್ಪಗೆ ಕಾಣದಿರಲೆಂದು ಒಳಪದರವನ್ನು ತೆಳ್ಳಗೆ ಮಾಡುವವರು ಕಡಿಮೆ ಮಾಡುತ್ತಿರುವುದು ಈ ನಿಲ್ಲುವ ದೂರವನ್ನೇ. ಆದ್ದರಿಂದ ಈ ಒಂದು ವಿಷಯದಲ್ಲಿ ವಿನ್ಯಾಸಕಾರರಿಗೆ ಸ್ವಾತಂತ್ರ್ಯವಿಲ್ಲ.

ಇನ್ನು ನಿಮ್ಮ ರೆಕ್ಕೆಗಳ ವಿಚಾರ. ಬೈಕಿನಿಂದ ಬಿದ್ದವರ ತಲೆ ಸಾಮಾನ್ಯವಾಗಿ ರಸ್ತೆಗೆ ನೇರವಾಗಿ ಬಡಿಯುವುದಿಲ್ಲ, ಓರೆಯಾಗಿ ತಾಗಿ ಉಜ್ಜಿಕೊಂಡು ಹೋಗುತ್ತದೆ. ನುಣುಪಾದ, ಗುಂಡಗಿನ ಚಿಪ್ಪಾದರೆ ಜಾರಿಹೋಗುತ್ತದೆ. ಹೊರಚಾಚಿದ ಭಾಗವಿದ್ದರೆ ಅದು ನೆಲಕ್ಕೆ ಸಿಕ್ಕಿ ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ಹಾಗೆ ತಿರುಗಿದಾಗ ಬುರುಡೆಗೆ ಏನೂ ಆಗದಿದ್ದರೂ ಒಳಗಿನ ಮೆದುಳಿನ ಎಳೆಗಳು ಹಿಗ್ಗಿ ಹರಿಯುತ್ತವೆ. ಸ್ವೀಡನ್ನಿನ ನರಶಸ್ತ್ರಚಿಕಿತ್ಸಕ ಹಾನ್ಸ್ ವಾನ್ ಹೋಲ್ಸ್ಟ್ ಮತ್ತು ಸಂಶೋಧಕ ಪೀಟರ್ ಹಾಲ್ಡಿನ್ ಈ ಗಾಯದ ಅಧ್ಯಯನದಿಂದಲೇ ಮಿಪ್ಸ್ ಎಂಬ ಜಾರುವ ಒಳಪದರವನ್ನು ರೂಪಿಸಿದರು. ಪೆಟ್ಟು ಬಿದ್ದ ಕ್ಷಣದಲ್ಲಿ ಹೆಲ್ಮೆಟ್ ತಲೆಯ ಸುತ್ತ ಕೆಲವು ಮಿಲಿಮೀಟರಿನಷ್ಟು ಸರಿಯಲು ಅದು ಅವಕಾಶ ಕೊಡುತ್ತದೆ. ಯುರೋಪಿನ ಈಚಿನ ಇಸಿಇ 22.06 ಮಾನದಂಡದಲ್ಲಿ ಓರೆ ಪೆಟ್ಟಿನ ಪರೀಕ್ಷೆಯೂ ಸೇರಿದೆ. ಜಪಾನಿನ ಅರಾಯ್ ಕಂಪನಿ ಚಿಪ್ಪಿನ ಬಾಗು ಎಲ್ಲಿಯೂ 75 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಬಾರದೆಂಬ ನಿಯಮವನ್ನು ತಾನೇ ಹಾಕಿಕೊಂಡು, ಬೇರೆಯವರು ಚೂಪು ಮೂಲೆಗಳನ್ನು ಮಾರುತ್ತಿದ್ದಾಗಲೂ ಮೊಟ್ಟೆಯಾಕಾರವನ್ನು ಬಿಡಲಿಲ್ಲ. ನನ್ನ ಕಣ್ಣಿಗೆ ಹೆಲ್ಮೆಟ್‌ಗಳಲ್ಲೆಲ್ಲ ಚೆಂದವಾದುದು ಆ ಆಕಾರವೇ. ಹೊರಚಾಚಿದ ಭಾಗ ಬೇಕೇ ಬೇಕೆಂದಾದರೆ ಅದು ಸಣ್ಣ ಪೆಟ್ಟಿಗೇ ಕಳಚಿ ಬೀಳುವಂತಿರಬೇಕು.

ಹಾಗಾದರೆ ಯಕ್ಷಗಾನವನ್ನು ಎಲ್ಲಿ ತರುವುದು? ಆಕಾರದಲ್ಲಿ ತರಲಾಗದ್ದನ್ನು ರೇಖೆಯಲ್ಲಿ ಮತ್ತು ಬಣ್ಣದಲ್ಲಿ ತರಬಹುದು. ಮುಂದಲೆಯನ್ನು ಕಟ್ಟುವಾಗ ಕಪ್ಪು ಬಟ್ಟೆಯ ಮೇಲೆ ಜರಿಪಟ್ಟಿಗಳು ಓರೆಯಾಗಿ ಏರುತ್ತಾ ಹಣೆಯ ಮೇಲೆ ಒಂದಾಗುವುದನ್ನು ನೀವು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಹತ್ತಿರದಿಂದ ನೋಡಿರಬಹುದು. ಆ ಪಟ್ಟಿಗಳ ಓಟವನ್ನು ಚಿಪ್ಪಿನ ಬಾಗಿಗೆ ಹೊಂದಿಸಿ, ಜರಿಯ ಜಾಗದಲ್ಲಿ ಬೆಳಕನ್ನು ಹಿಂದಿರುಗಿಸುವ ರಿಫ್ಲೆಕ್ಟರ್ ಹಾಳೆಯನ್ನು ಬಳಸಿದರೆ, ಹಗಲಿನಲ್ಲಿ ಅಲಂಕಾರವಾಗಿರುವ ರೇಖೆ ಇರುಳಿನಲ್ಲಿ ಹಿಂದಿನ ಲಾರಿಯ ದೀಪಕ್ಕೆ ಹೊಳೆದು ಸವಾರನ ಇರವನ್ನು ತಿಳಿಸುತ್ತದೆ. ಬೇಗಡೆಯ ಹೊಳಪೂ ವೇಷವು ದೂರದ ಪ್ರೇಕ್ಷಕನಿಗೆ ಎದ್ದು ಕಾಣಲೆಂದೇ ಇರುವುದಲ್ಲವೇ. ಪಿಲಿವೇಷದ, ಅಂದರೆ ಹುಲಿವೇಷದ, ಹಳದಿ ಮತ್ತು ಕಪ್ಪು ಪಟ್ಟೆಗಳನ್ನೂ ಆಲೋಚಿಸಿ. ಆದರೆ ಹಿಂಭಾಗದಲ್ಲಿ ಹಳದಿಯನ್ನು ಅಗಲವಾಗಿ ಉಳಿಸಿ, ಪಟ್ಟೆಗಳನ್ನು ಬದಿಗೆ ಸರಿಸಿ.

ತಲೆ ದಪ್ಪಗೆ ಕಾಣುವ ತೊಂದರೆಗೆ ಬೇರೆ ಪರಿಹಾರವಿದೆ. ಅಗ್ಗದ ತಯಾರಿಕೆಯಲ್ಲಿ ಎಲ್ಲ ಅಳತೆಗಳಿಗೂ ಒಂದೇ ಚಿಪ್ಪನ್ನು ಬಳಸಿ, ಚಿಕ್ಕ ತಲೆಗೆ ಒಳಗಿನ ಮೆತ್ತೆಯನ್ನಷ್ಟೇ ದಪ್ಪ ಮಾಡುತ್ತಾರೆ. ಆಗ ಚಿಕ್ಕ ಮೈಕಟ್ಟಿನವರ ಮೇಲೆ ಹೆಲ್ಮೆಟ್ ಭಾರೀ ಗಾತ್ರದ್ದಾಗಿ ಕಾಣುವುದು ಸಹಜ. ಎರಡು ಮೂರು ಗಾತ್ರದ ಚಿಪ್ಪುಗಳನ್ನು ಮಾಡಿದರೆ ರಕ್ಷಣೆ ಕಡಿಮೆಯಾಗದೆ ಪ್ರಮಾಣ ಸರಿಹೋಗುತ್ತದೆ. ಇದಲ್ಲದೆ ಗದ್ದದ ಕೆಳಗಿನ ಅಂಚು ಯಾವ ಕೋನದಲ್ಲಿ ಏರುತ್ತದೆ, ವೈಸರಿನ ತೆರಪು ಹಿಂದಕ್ಕೆ ಎಷ್ಟು ಓಡುತ್ತದೆ, ಗಾಳಿಯ ದ್ವಾರಗಳು ಎಲ್ಲಿ ಕೂರುತ್ತವೆ ಎಂಬುವು ನೋಟವನ್ನು ಪೂರ್ತಿ ಬದಲಿಸಬಲ್ಲವು. ಒಂದು ಮಾತನ್ನು ಮಾತ್ರ ಕಡ್ಡಾಯವಾಗಿ ನೆನಪಿಡಿ: ತ್ರೀಡಿ ಪ್ರಿಂಟರಿನಲ್ಲಿ ತೆಗೆದ ಮಾದರಿ ಪ್ರದರ್ಶನಕ್ಕಷ್ಟೇ, ಅದನ್ನು ತೊಟ್ಟು ರಸ್ತೆಗೆ ಇಳಿಯಬೇಡಿ. 2021ರ ಜೂನ್ 1ರಿಂದ ನಮ್ಮ ದೇಶದಲ್ಲಿ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ಐಎಸ್ 4151 ಎಂಬ ಭಾರತೀಯ ಮಾನದಂಡದ ಪ್ರಕಾರ ಐಎಸ್ಐ ಗುರುತು ಕಡ್ಡಾಯವಾಗಿದೆ.

ಪ್ರಶ್ನೆ: ಮಗ ಕಾಲೇಜಿಗೆ ಬೈಕಿನಲ್ಲಿ ಹೋಗುತ್ತಾನೆ. ಫುಲ್ ಫೇಸ್ ಹೆಲ್ಮೆಟ್ ಕೊಡಿಸಿದರೆ, ನಮ್ಮ ಊರಿನ ಸೆಕೆಗೆ ಉಸಿರು ಕಟ್ಟುತ್ತದೆ, ಗೆಳೆಯರ ಮುಂದೆ ಚೆನ್ನಾಗಿಯೂ ಕಾಣುವುದಿಲ್ಲ ಎಂದು ಬಟ್ಟಲಿನಂತಹ ಅರ್ಧ ಹೆಲ್ಮೆಟ್ ತಂದಿದ್ದಾನೆ. ಅವನಿಗೆ ಹೇಗೆ ತಿಳಿಹೇಳಲಿ?
– ಓದುಗರು, ಕಾಪು

ಉತ್ತರ: ಸೆಕೆಯ ದೂರು ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಾಪುವಿನ ಮಧ್ಯಾಹ್ನದ ಬಿಸಿಲಿಗೆ ಯಾವ ಹೆಲ್ಮೆಟ್ ಆದರೂ ಬೆವರಿಳಿಸುತ್ತದೆ. ಆದರೆ ಆ ಕಾರಣಕ್ಕೆ ಗದ್ದವನ್ನು ಬರಿದಾಗಿ ಬಿಡುವಂತಿಲ್ಲ. ಜರ್ಮನಿಯ ಡೀಟ್ಮಾರ್ ಒಟ್ಟೆ ಅಪಘಾತಕ್ಕೊಳಗಾದ ಹೆಲ್ಮೆಟ್‌ಗಳನ್ನು ಪರಿಶೀಲಿಸಿ ಪೆಟ್ಟುಗಳು ಬಿದ್ದ ಜಾಗಗಳನ್ನು ಗುರುತಿಸಿದಾಗ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಪೆಟ್ಟುಗಳು ಗದ್ದದ ಭಾಗದಲ್ಲಿ ಕಂಡುಬಂದವು. ಬಟ್ಟಲಿನಂತಹ ಟೋಪಿ ಆ ಭಾಗಕ್ಕೆ ಏನನ್ನೂ ಮಾಡುವುದಿಲ್ಲ. ಕಿವಿಯ ಮೇಲ್ಭಾಗಕ್ಕೂ ತಲೆಯ ಹಿಂದಿನ ತಗ್ಗಿಗೂ ಮಾಡುವುದಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸವಾರನ ಸಾವಿನ ಅಪಾಯವನ್ನು ಸುಮಾರು 42%ರಷ್ಟೂ ತಲೆಯ ಗಾಯದ ಅಪಾಯವನ್ನು ಸುಮಾರು 69%ರಷ್ಟೂ ತಗ್ಗಿಸುತ್ತದೆ.

ಸೆಕೆಗೆ ಪರಿಹಾರ ವಿನ್ಯಾಸದಲ್ಲಿಯೇ ಇದೆ. ಗದ್ದದ ಮುಂದೆ ಮತ್ತು ಹಣೆಯ ಮೇಲೆ ಗಾಳಿ ಒಳಬರುವ ದ್ವಾರ, ಇಪಿಎಸ್ ಪದರದಲ್ಲಿಯೇ ಕೊರೆದ ಕಾಲುವೆಗಳು, ಹಿಂದೆ ಗಾಳಿ ಹೊರಹೋಗುವ ದ್ವಾರ ಈ ಮೂರೂ ಇರುವ ಹೆಲ್ಮೆಟ್ ಆಯ್ದುಕೊಳ್ಳಿ. ಬೈಕ್ ಓಡುವಾಗ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ಒಳಗಿನ ಬಿಸಿಗಾಳಿ ತಾನಾಗಿ ಹೊರಸೆಳೆಯಲ್ಪಡುತ್ತದೆ. ಹೊರಗೆ ದ್ವಾರದ ಆಕಾರವಿದ್ದು ಒಳಗೆ ಕಾಲುವೆಯಿಲ್ಲದ ಹೆಲ್ಮೆಟ್‌ಗಳೂ ಮಾರಾಟದಲ್ಲಿವೆ, ಮೆತ್ತೆಯನ್ನು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಗದ್ದದ ಭಾಗವನ್ನು ಮೇಲೆತ್ತಬಹುದಾದ ಮಾಡ್ಯುಲರ್ ಮಾದರಿಯೂ ಇದೆ. ಅದು ತುಸು ಭಾರ, ಓಡಿಸುವಾಗ ಮುಚ್ಚಿಯೇ ಇರಬೇಕು. ಮಗನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಐಎಸ್ಐ ಗುರುತಿನ ಫುಲ್ ಫೇಸ್‌ಗಳಲ್ಲಿ ಬಣ್ಣವನ್ನೂ ಮಾದರಿಯನ್ನೂ ಅವನೇ ಆರಿಸಲಿ. ಇದು ಮುದ್ದು ಮಾಡುವ ಮಾತಲ್ಲ. ತಾನು ಮೆಚ್ಚಿ ಕೊಂಡದ್ದನ್ನು ಅವನು ತೊಡುತ್ತಾನೆ, ಮೆಚ್ಚದ್ದನ್ನು ಪೊಲೀಸರು ಕಾಣುವ ತಿರುವಿನವರೆಗೆ ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟುಕೊಂಡು ಹೋಗುತ್ತಾನೆ.

ಪ್ರಶ್ನೆ: ನನಗೆ ಉದ್ದ ಜಡೆ. ದಿನವೂ ಶಂಕರಪುರ ಮಲ್ಲಿಗೆ ಮುಡಿಯುವ ಅಭ್ಯಾಸ. ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವಾಗ ಹೂವಿಗೂ ಕ್ಲಿಪ್ಪಿಗೂ ಜಾಗವಿರಲೆಂದು ಒಂದು ಅಳತೆ ದೊಡ್ಡ ಹೆಲ್ಮೆಟ್ ತೆಗೆದುಕೊಂಡಿದ್ದೇನೆ. ಅದು ಸರಿಯೇ?
– ಓದುಗರು, ಕಟಪಾಡಿ

ಉತ್ತರ: ದಯವಿಟ್ಟು ಅದನ್ನು ಬದಲಿಸಿ. ಸಡಿಲವಾದ ಹೆಲ್ಮೆಟ್ ಬಿದ್ದ ಮೊದಲ ಕ್ಷಣದಲ್ಲಿಯೇ ಸರಿದುಹೋಗುತ್ತದೆ, ಪೆಟ್ಟು ಬೀಳುವ ಹೊತ್ತಿಗೆ ಅದು ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಹುಬ್ಬಿನ ಮೇಲಿನಿಂದ ತಲೆಯ ಹಿಂದಿನ ಉಬ್ಬನ್ನು ಸುತ್ತಿ ಟೇಪಿನಿಂದ ಅಳೆದು ಅದೇ ಅಳತೆಯದನ್ನು ಕೊಳ್ಳಿ. ಹೊಸದಾಗಿ ತೊಟ್ಟಾಗ ಕೆನ್ನೆಗಳು ಚೆನ್ನಾಗಿ ಅದುಮಿದಂತಿರಬೇಕು, ಹೆಲ್ಮೆಟ್ಟನ್ನು ಎಡಬಲಕ್ಕೆ ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಎಳೆಯಬೇಕು. ಬಕಲ್ ಹಾಕಿ, ಹಿಂದಿನ ಅಂಚನ್ನು ಹಿಡಿದು ಮೇಲಕ್ಕೆ ಮುಂದಕ್ಕೆ ಎತ್ತಿದಾಗ ಕಳಚಿ ಬರಬಾರದು.

ಜಡೆಯನ್ನು ಕತ್ತಿನ ಬುಡದಲ್ಲಿ, ಹೆಲ್ಮೆಟ್ಟಿನ ಅಂಚಿನ ಕೆಳಗೆ ಶುರುವಾಗುವಂತೆ ಹೆಣೆದುಕೊಳ್ಳಿ. ತುರುಬು ಅಥವಾ ಎತ್ತರದ ಜುಟ್ಟು ಒಳಗಿದ್ದರೆ ಯಾವ ಅಳತೆಯೂ ಸರಿಹೋಗದು. ಕ್ಲಿಪ್ಪು, ಪಿನ್ನುಗಳು ತಲೆಗೂ ಚಿಪ್ಪಿಗೂ ನಡುವೆ ಇರಲೇಬಾರದು. ಮಲ್ಲಿಗೆಯನ್ನು ಬಾಳೆಯೆಲೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಒಯ್ದು, ತಲುಪಿದ ಮೇಲೆ ಮುಡಿಯಿರಿ. ಹೆಲ್ಮೆಟ್ಟಿನೊಳಗೆ ಅದು ಹೇಗೂ ಬಾಡುತ್ತದೆ. ಕರಾವಳಿಯ ಸಾವಿರಾರು ಹೆಂಗಸರು ನಿತ್ಯ ಸ್ಕೂಟರ್ ಓಡಿಸುವಾಗಲೂ, ಜಡೆಯನ್ನು ಮನಸ್ಸಿನಲ್ಲಿಟ್ಟು ಹಿಂದಿನ ಅಂಚನ್ನೂ ಒಳಮೆತ್ತೆಯನ್ನೂ ರೂಪಿಸಿದ ಹೆಲ್ಮೆಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ಗುಲಾಬಿ ಬಣ್ಣದ ಹೂಗಳ ಸ್ಟಿಕರ್ ಅಂಟಿಸಿದ್ದು ಮಾತ್ರ ಸಿಗುತ್ತದೆ ಎಂಬುದು ನನಗೆ ಬೇಸರದ ಸಂಗತಿ. ಮಣಿಪಾಲದ ವಿದ್ಯಾರ್ಥಿನಿ ಈ ಪತ್ರವನ್ನೂ ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ಮ್ಯಾಟ್ ಕಪ್ಪು ಹೆಲ್ಮೆಟ್, ಕಡುಬಣ್ಣದ ವೈಸರ್ ಎರಡೂ ನನಗೆ ಬಹಳ ಇಷ್ಟ. ಹೆದ್ದಾರಿಯಲ್ಲಿ ಮಳೆಗಾಲದ ಸಂಜೆ ಮನೆಗೆ ಮರಳುವಾಗ ಏನೂ ಕಾಣುವುದಿಲ್ಲ. ಹೆಲ್ಮೆಟ್ಟಿಗೆ ನಾನೇ ಬೇರೆ ಬಣ್ಣ ಹೊಡೆಯಬಹುದೇ?
– ಓದುಗರು, ಸುರತ್ಕಲ್

ಉತ್ತರ: ವೈಸರನ್ನು ಇಂದೇ ಬದಲಿಸಿ. ಕಡುಬಣ್ಣದ ವೈಸರ್ ಹಗಲಿನ ಬಿಸಿಲಿಗೆ ಮಾತ್ರ. ಜೂನ್ ತಿಂಗಳ ಸಂಜೆ ಆರು ಗಂಟೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗುಂಡಿಯೂ ನೀರೂ ಒಂದೇ ಬಣ್ಣದಲ್ಲಿರುವಾಗ ಅದನ್ನು ಹಾಕಿಕೊಂಡು ಹೋಗುವುದು ಕಣ್ಣುಮುಚ್ಚಿ ಹೋದಂತೆ. ಸ್ವಚ್ಛವಾದ ವೈಸರಿನ ಒಳಗೆ ಪಿನ್‌ಲಾಕ್ ಎಂಬ ಎರಡನೆಯ ಹಾಳೆ ಕೂರಿಸಬಹುದಾದ ಹೆಲ್ಮೆಟ್ ಸಿಕ್ಕರೆ ಉತ್ತಮ. ಎರಡು ಹಾಳೆಗಳ ನಡುವೆ ಸಿಕ್ಕ ಗಾಳಿಯಿಂದಾಗಿ ಉಸಿರಿನ ಮಂಜು ಕಟ್ಟುವುದಿಲ್ಲ. ಗೀರು ಬಿದ್ದ ವೈಸರ್ ಎದುರು ವಾಹನದ ದೀಪವನ್ನು ಕಣ್ಣಿನ ತುಂಬ ಚದುರಿಸುತ್ತದೆ, ಅದನ್ನೂ ಇಟ್ಟುಕೊಳ್ಳಬೇಡಿ.

ಬಣ್ಣದ ವಿಚಾರದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ನೆನಪಿಡತಕ್ಕದ್ದು: ಕಪ್ಪು ಹೆಲ್ಮೆಟ್ ತೊಟ್ಟವರಿಗೆ ಹೋಲಿಸಿದರೆ ಬಿಳಿ ತೊಟ್ಟವರಲ್ಲಿ ಗಾಯಕ್ಕೆ ಕಾರಣವಾಗುವ ಅಪಘಾತದ ಅಪಾಯ 24%ರಷ್ಟು ಕಡಿಮೆಯಿತ್ತು. ಕಪ್ಪನ್ನು ಬಿಡಲು ಮನಸ್ಸಿಲ್ಲವಾದರೆ ಹಿಂಭಾಗದಲ್ಲಿಯೂ ಬದಿಗಳಲ್ಲಿಯೂ ರಿಫ್ಲೆಕ್ಟರ್ ಪಟ್ಟಿ ಇರುವ ಮಾದರಿಯನ್ನು ಆರಿಸಿ. ಕಪ್ಪು ಹೊಳೆಯುವ ಪಟ್ಟಿಗಳೂ ಬಂದಿವೆ. ಹಗಲಿನಲ್ಲಿ ಕಪ್ಪಿನೊಂದಿಗೆ ಬೆರೆತಿದ್ದು ಬೆಳಕು ಬಿದ್ದಾಗ ಮಾತ್ರ ಬೆಳಗುತ್ತವೆ. ನೀವೇ ಬಣ್ಣ ಹೊಡೆಯುವುದು ಬೇಡ. ಎಬಿಎಸ್, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕುಗಳ ಚಿಪ್ಪುಗಳನ್ನು ಪೇಂಟಿನ ಥಿನ್ನರ್, ಪೆಟ್ರೋಲ್ ಮತ್ತು ಕೆಲವು ಅಂಟುಗಳು ಹೊರಗೆ ಕಾಣದಂತೆ ಬಿರುಸು ಮಾಡಿ ಬಿರುಕು ಬಿಡಿಸುತ್ತವೆ.

ಪ್ರಶ್ನೆ: ನನ್ನ ದುಬಾರಿ ಹೆಲ್ಮೆಟ್ ಬೈಕಿನ ಕನ್ನಡಿಯಿಂದ ಒಂದೆರಡು ಸಲ ಕೆಳಗೆ ಬಿದ್ದಿದೆ. ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಬದಲಿಸಬೇಕೇ? ರಸ್ತೆಬದಿಯಲ್ಲಿ ಸಿಗುವ ಐಎಸ್ಐ ಗುರುತಿನದನ್ನು ನಂಬಬಹುದೇ?
– ಓದುಗರು, ಮಂಗಳೂರು

ಉತ್ತರ: ಖಾಲಿ ಹೆಲ್ಮೆಟ್ ಕನ್ನಡಿಯ ಎತ್ತರದಿಂದ ಬಿದ್ದರೆ ಸಾಮಾನ್ಯವಾಗಿ ಒಳಪದರ ನಜ್ಜಾಗುವುದಿಲ್ಲ, ಏಕೆಂದರೆ ಅದನ್ನು ಒಳಗಿನಿಂದ ಒತ್ತುವ ತಲೆಯ ಭಾರ ಆಗ ಇರುವುದಿಲ್ಲ. ಮೆತ್ತೆಯನ್ನು ಬಿಚ್ಚಿ ಇಪಿಎಸ್ಸಿನಲ್ಲಿ ಬಿರುಕು ಅಥವಾ ತಗ್ಗು ಇದೆಯೇ, ಚಿಪ್ಪು ಸೀಳಿದೆಯೇ ನೋಡಿ; ಇದ್ದರೆ ಬದಲಿಸಿ. ತಲೆಯ ಮೇಲಿದ್ದಾಗ ಪೆಟ್ಟು ತಿಂದ ಹೆಲ್ಮೆಟ್ಟಾದರೆ ಹೊರಗೆ ಗೀರೊಂದೇ ಕಂಡರೂ ಬಿಡಬೇಕು. ಒಮ್ಮೆ ನಜ್ಜಾದ ಪದರ ಮತ್ತೆ ಮೊದಲಿನಂತಾಗುವುದಿಲ್ಲ.

ರಸ್ತೆಬದಿಯ ಹೆಲ್ಮೆಟ್ಟಿನಲ್ಲಿ ಗುರುತೊಂದನ್ನೇ ನೋಡಬೇಡಿ. ಅದರ ಮೇಲ್ಗಡೆ ಐಎಸ್ 4151 ಎಂದೂ ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬಾರದಿದ್ದರೆ ಅಥವಾ ಹೆಲ್ಮೆಟ್ಟಿನ ಮೇಲಿನ ಹೆಸರಿಗೆ ತಾಳೆಯಾಗದಿದ್ದರೆ ಕೊಳ್ಳಬೇಡಿ.

ಬೂಷ್ಟಿನ ಕಾರಣಕ್ಕೆ ಎಸೆಯಬೇಕಾಗಿಲ್ಲ. ಬಿಚ್ಚಬಹುದಾದ ಮೆತ್ತೆಯನ್ನು ಮೃದುವಾದ ಸೋಪಿನಲ್ಲಿ ಕೈಯಲ್ಲೇ ತೊಳೆದು, ಫ್ಯಾನಿನ ಗಾಳಿಗೆ ನೆರಳಿನಲ್ಲಿ ಒಣಗಿಸಿ. ಬಚ್ಚಲ ಒಲೆಯ ಹತ್ತಿರವೋ ಹೇರ್ ಡ್ರೈಯರಿನ ಬಿಸಿಗೋ ಹಿಡಿದರೆ ಇಪಿಎಸ್ ಕುಗ್ಗುತ್ತದೆ. ಚಿಪ್ಪಿನ ಒಳಭಾಗವನ್ನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಒದ್ದೆಯಾದ ಹೆಲ್ಮೆಟ್ಟನ್ನು ಸ್ಕೂಟರಿನ ಸೀಟಿನ ಕೆಳಗೆ ಮುಚ್ಚಿಡದೆ, ವೈಸರ್ ತೆರೆದು ಮನೆಯೊಳಗೆ ಕಪಾಟಿನ ಮೇಲಿಟ್ಟರೆ ಮುಂದಿನ ಮಳೆಗಾಲದಲ್ಲಿ ಬೂಷ್ಟಿನ ತೊಂದರೆ ಬಹಳ ಕಡಿಮೆಯಾಗುತ್ತದೆ.